ಕಾವಲಿನ ಗೋಡೆಯಾಚೆ ಏನಿದೆ ಎಂದು ಕೇಳಿದ ತಂಗಿಗೆ

ಮೊಳಕಾಲ್ಮೂರು

ಪ್ರೀತಿಯ ತಂಗಿ,

ನಿನ್ನ ಕಾಗದ ಬಂತು. ನೀನು ಹೇಳಿದ ಸೀರೆ ಇನ್ನೂ ಮಗ್ಗದ ಮೇಲೇ ಇದೆ ಕಣೇ. ಮೊಳಕಾಲ್ಮೂರು ಸೀರೆಯನ್ನು ಅವಸರಪಡಿಸಿದರೆ ಅಂಚು ಕೆಡುತ್ತದೆ. ನಿನ್ನ ಅವಸರ ಮಾತ್ರ ಚಿಕ್ಕಂದಿನಿಂದ ಹಾಗೇ ಇದೆ, ನೋಡು. ಸೀರೆ ವಿಷಯ ಬರೆದು, ಕೊನೆಯಲ್ಲಿ ಮೆಲ್ಲಗೆ ಕೇಳಿದ್ದೀಯ: “ಚಳ್ಳಕೆರೆ ಹತ್ತಿರ ಅಣು ವಿದ್ಯುತ್ ಸ್ಥಾವರ ಬರುತ್ತದಂತೆ, ನೀವು ಊರು ಬಿಡಬೇಕಾಗುತ್ತದಾ ಅಕ್ಕಾ?”

ಗಾಬರಿಯಾಗಬೇಡ. ಅದು ಕೈಗಾದ ಹಾಗೆ ಕರೆಂಟು ಮಾಡುವ ಸ್ಥಾವರ ಅಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ನಮ್ಮವರ ಬಾಯಲ್ಲಿ ‘ಬಾರ್ಕ್’ಗೆ, ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನಲ್ಲಿ 1,810 ಎಕರೆ ಕೊಟ್ಟಿದ್ದಾರೆ. ಅದು ಯುರೇನಿಯಂ ಸಂವರ್ಧನೆಯ ಘಟಕಕ್ಕೆಂದು ಕೊಟ್ಟ ಜಾಗ. ಗಣಿಯಿಂದ ಬಂದ ಯುರೇನಿಯಂನಲ್ಲಿ ಕೆಲಸಕ್ಕೆ ಬರುವ ಯುರೇನಿಯಂ-235 ಇರುವುದು ನೂರಕ್ಕೆ 0.7ರಷ್ಟು ಮಾತ್ರ. ಅದನ್ನು ಅನಿಲ ಮಾಡಿ, ಕೊಳವೆಗಳಲ್ಲಿ ಅತಿವೇಗದಿಂದ ತಿರುಗಿಸಿ, ಮೊರದಲ್ಲಿ ಕೇರಿದ ಹಾಗೆ ಹಗುರವಾದದ್ದನ್ನು ಮತ್ತೆ ಮತ್ತೆ ಬೇರ್ಪಡಿಸುತ್ತಾರೆ. ನೂರಕ್ಕೆ ಮೂರರಿಂದ ಐದರಷ್ಟಾದರೆ ಎಷ್ಟೋ ವಿದ್ಯುತ್ ಸ್ಥಾವರಗಳಿಗೆ ಇಂಧನ. ತೊಂಬತ್ತರ ಹತ್ತಿರ ಹೋದರೆ ಬಾಂಬಿಗೆ. ಹೊರಗಿನವರು ಇದನ್ನು ಕಣ್ಣಿಟ್ಟು ನೋಡುವುದು, ಒಳಗಿನವರು ಬಾಯಿ ಬಿಡದಿರುವುದು ಎರಡೂ ಅದಕ್ಕೇ.

ಹಾಗಾಗಿ ಚೆರ್ನೋಬಿಲ್‌ ನೆನೆದು ರಾತ್ರಿ ನಿದ್ದೆಗೆಡಬೇಡ. ಅಲ್ಲಿ ಸಿಡಿದದ್ದು ರಿಯಾಕ್ಟರ್, ಇದು ರಿಯಾಕ್ಟರ್ ಅಲ್ಲ. ಹಾಗಂತ ಭಯವೇ ಇಲ್ಲ ಎಂದರೂ ಸುಳ್ಳು. ಆ ಯುರೇನಿಯಂ ಅನಿಲ ಸೋರಿ ಗಾಳಿಯ ತೇವಕ್ಕೆ ತಾಗಿದರೆ, ಚರ್ಮವನ್ನೂ ಶ್ವಾಸಕೋಶವನ್ನೂ ಸುಡುವ ಆಮ್ಲವಾಗುತ್ತದೆ. ಉಳಿದ ತ್ಯಾಜ್ಯವನ್ನು ಹದ್ದುಬಸ್ತಿನಲ್ಲಿ ಇಡಬೇಕು. ಇಲ್ಲಿನ ಜನ ಕೇಳುವುದೂ ಇದನ್ನೇ. ಸೋರಿದರೆ ನಮಗೆ ಯಾರು ಹೇಳುತ್ತಾರೆ? ದನ ಕುಡಿಯುವ ನೀರನ್ನು ಯಾರು ಪರೀಕ್ಷೆ ಮಾಡುತ್ತಾರೆ?

ನೀರಿನ ಮಾತು ಬಂದರೆ ನಮ್ಮ ಸೀಮೆಯವರ ಎದೆ ಹೊಡೆದುಕೊಳ್ಳುತ್ತದೆ, ನಿನಗೆ ಗೊತ್ತಲ್ಲ. ವಾಣಿವಿಲಾಸ ಸಾಗರ 1933ರ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಕಡೆ ಘಟಕದ ಗೋಡೆಯೊಳಗಿನ ಯಂತ್ರಗಳಿಗೂ ಅಲ್ಲಿನ ಜನರಿಗೂ ನೀರು ಎಲ್ಲಿಂದ, ಎಷ್ಟು ಎಂದು ಕೇಳುವುದು ತಕರಾರು ಹೇಗಾಗುತ್ತದೆ, ನೀನೇ ಹೇಳು.

ಆದರೂ ನನ್ನ ಹೊಟ್ಟೆಯೊಳಗಿನ ಸಂಕಟ ಬೇರೆ. ಬಾರ್ಕ್ ಒಂದೇ ಅಲ್ಲ. ಡಿಆರ್‌ಡಿಓ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಸೋಲಾರ್ ಕಂಪನಿ, ಎಲ್ಲ ಸೇರಿ ಸುಮಾರು ಹತ್ತು ಸಾವಿರ ಎಕರೆ ಅಮೃತಮಹಲ್ ಕಾವಲು ಕೈಬಿಟ್ಟು ಹೋಯಿತು. ಹಂಚಿಕೆಯೆಲ್ಲ ಕಾಗದದ ಮೇಲೇ ಮುಗಿದಿತ್ತು. ಗೋಡೆ ಏಳತೊಡಗಿದಾಗಲೇ ಎಷ್ಟೋ ಹಳ್ಳಿಗಳಿಗೆ ಗೊತ್ತಾದದ್ದು. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲು ಅದು. ಅಲ್ಲಿ ಮ್ಯಾಸಬೇಡರ ದೇವರ ಎತ್ತುಗಳು ಮೇಯುತ್ತಿದ್ದವು, ಕುರುಬರ ಕುರಿ ಮೇಯುತ್ತಿದ್ದವು, ಎರೆಭೂತ ಹಕ್ಕಿಯೂ ಕೃಷ್ಣಮೃಗವೂ ಇದ್ದವು.

ನಿನ್ನ ಹಾಸಿಗೆಯ ಮೇಲಿರುವ ಆ ಕರಿ ಕಂಬಳಿ ಇದೆಯಲ್ಲ, ಚುಚ್ಚುತ್ತದೆ ಅಂತ ಹೊದ್ದ ಮೊದಲ ದಿನ ಎಷ್ಟು ಕೂಗಾಡಿದೆ! ಅದರ ಉಣ್ಣೆ ಈ ಕಾವಲಿನ ಹುಲ್ಲೇ ಕಣೇ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ನೂತು, ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಬಿಸಿಲಲ್ಲಿ ಎಳೆದು ಬಿಗಿ ಮಾಡಿ ನೇಯುತ್ತಾರೆ. ಗಂಜಿ ಹಿಡಿದ ನೂಲು ಮುಟ್ಟಿದರೆ ಬೆರಳಿಗೆ ಒರಟೊರಟು. ಮೊದಲು ಬೆಳಿಗ್ಗೆ ಬಿಟ್ಟ ಕುರಿ ನೇರ ಹುಲ್ಲಿಗೆ ಹೋಗುತ್ತಿತ್ತು. ಈಗ ಗೋಡೆ ಸುತ್ತಿ ಹೋಗಬೇಕು. ಕುರಿಮಂದೆ ಮಾರಿದವರೂ ಇದ್ದಾರೆ. ಕುರಿ ಹೋದರೆ ಮಗ್ಗ ಹೋಯಿತು, ಹೆಂಗಸರ ಕೈಯ ನೂಲೂ ಹೋಯಿತು.

ಜನ ಸುಮ್ಮನೆ ಕೂರಲಿಲ್ಲ ತಂಗಿ. ಹಳ್ಳಿಯವರೂ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಪರಿಸರ ಸಂಸ್ಥೆಯವರೂ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋದರು. 2014ರಲ್ಲಿ ಷರತ್ತು ಹಾಕಿ ಯೋಜನೆಗಳು ಮುಂದುವರಿಯಲಿ ಎಂದಾಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಇಲ್ಲಿನ ರನ್‌ವೇ ಮೇಲೆ ತಾನಾಗಿ ಬಂದಿಳಿದಾಗ ನನಗೂ ಹೆಮ್ಮೆಯಾಯಿತು. ದೇಶಕ್ಕೆ ಬೇಕಾದದ್ದು ಬೇಡ ಎನ್ನುವವರಲ್ಲ ನಾವು. ನಮ್ಮ ನೆಲ ಕೊಡುವ ಮುಂಚೆ ಗ್ರಾಮಸಭೆ ಕರೆದು, ಎದುರು ಕೂತು, ನಮ್ಮ ಮಾತಿನಲ್ಲಿ ತಿಳಿಸಿ ಹೇಳಬೇಕಿತ್ತು. ಅಷ್ಟು ಮಾಡಿದ್ದರೆ ಇಷ್ಟು ಗಾಳಿಸುದ್ದಿಯೂ ಹಬ್ಬುತ್ತಿರಲಿಲ್ಲ, ನೀನು ಅಲ್ಲಿ ಕೂತು ಹೆದರುತ್ತಲೂ ಇರಲಿಲ್ಲ.

ನಿನಗೊಂದು ಕೆಲಸ ಹೇಳುತ್ತೇನೆ, ಇಲ್ಲ ಎನ್ನಬೇಡ. ಓದಿದವಳು ನೀನು, ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ನಿನಗೆ ಕಷ್ಟವಲ್ಲ. ಸುತ್ತಲಿನ ಬೋರ್‌ವೆಲ್ ನೀರು ಯಾರು ಪರೀಕ್ಷೆ ಮಾಡುತ್ತಾರೆ, ಅಪಾಯವಾದರೆ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಏನು, ಮೇವಿಗೆ ಎಷ್ಟು ಕಾವಲು ಉಳಿಸಿದ್ದಾರೆ, ಮೂರೇ ಪ್ರಶ್ನೆ ಸಾಕು. ಸೀರೆ ತೆಗೆದುಕೊಂಡು ಹೋಗಲು ಬರುತ್ತೀಯಲ್ಲ, ಆಗ ಅರ್ಜಿಯನ್ನೂ ಬರೆದು ತಾ. ಉಳ್ಳಾರ್ತಿ ಕಡೆಯವರ ಜೊತೆ ಕೂತು ಓದಿ, ಸಹಿ ಹಾಕಿಸಿ ಕಳಿಸೋಣ. ಹುರಿದ ಶೇಂಗಾ ಡಬ್ಬಿ ತುಂಬಿ ಇಟ್ಟಿರುತ್ತೇನೆ.

ನಿನ್ನ ಅಕ್ಕ