ಸೋರುವ ಸ್ಥಳ ಬೇರೆ, ಹನಿ ಬೀಳುವ ಸ್ಥಳ ಬೇರೆ

ಮಳೆಗಾಲ ಸಮೀಪಿಸಿದಂತೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ದೂರವಾಣಿ ಮಾಡಿ ಮನೆ ಸೋರುವ ಸಂಗತಿಯನ್ನು ಹೇಳಿಕೊಳ್ಳುತ್ತಾರೆ. ವಿಜ್ಞಾನ ಕಲಿಸಿದ ಮಾಸ್ತರರಿಗೆ ಇದೂ ತಿಳಿದಿರಬೇಕೆಂಬುದು ಅವರ ನಂಬಿಕೆ.

ನಮ್ಮ ಚಿಕ್ಕೋಡಿ ಸೀಮೆಯ ಛಾವಣಿಗಳೆಲ್ಲ ಒಂದೇ ಬಗೆಯವಲ್ಲ. ಪಶ್ಚಿಮದ ನಿಪ್ಪಾಣಿಯ ಕಡೆಗೆ ಮಳೆ ಹೆಚ್ಚು. ಅಲ್ಲಿ ಇಳಿಜಾರಿನ ಹೆಂಚಿನ ಮನೆಗಳು ಹೆಚ್ಚು. ರಾಯಬಾಗ, ಕಾಗವಾಡ, ಅಥಣಿಗಳತ್ತ ಹೋದಂತೆ ಮಳೆ ಕಡಿಮೆಯಾಗಿ ಮಣ್ಣಿನ ಮಾಳಿಗೆಗಳು ಕಾಣುತ್ತಿದ್ದವು. ಜಂತಿಯ ಮೇಲೆ ಕಟ್ಟಿಗೆ ಹಾಸಿ, ಸೊಪ್ಪು ಹರಡಿ, ಮಣ್ಣು ಬಡಿದು, ಮೇಲೆ ಸವಳು ಮಣ್ಣನ್ನು ಹಾಕುತ್ತಿದ್ದರು. ಸವಳು ಮಣ್ಣು ನೆನೆದೊಡನೆ ಅದರ ನುಣ್ಣನೆಯ ಕಣಗಳು ಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ಕೃಷ್ಣಾ ತೀರದ ಕಬ್ಬಿನ ಹೊಲಕ್ಕೆ ಶಾಪವಾದ ಸವಳು ಮಾಳಿಗೆಗೆ ವರವಾಗಿತ್ತು! ಆದರೆ ಹಳೆಯ ಪದರವನ್ನು ಕೆರೆಯದೆ ವರ್ಷವರ್ಷವೂ ಹೊಸದನ್ನು ಹೇರಿದರೆ ಭಾರಕ್ಕೆ ಜಂತಿ ಬಾಗಿ, ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು.

ರಾಯಬಾಗ ತಾಲೂಕಿನ ನಮ್ಮ ಸೋದರತ್ತೆಯವರ ಮನೆಯ ಪಡಸಾಲೆಯಲ್ಲಿ ಒಮ್ಮೆ ಹನಿ ಬೀಳತೊಡಗಿತು. ಎಲ್ಲರೂ ಅದರ ಕೆಳಗೆ ಕೊಡವಿಟ್ಟು ಸುಮ್ಮನಾದರು. ನಮ್ಮ ತಂದೆಯವರು ಮಾತ್ರ ಜಂತಿಯ ಮೇಲಿನ ತೇವದ ಗೆರೆಯನ್ನು ಹಿಂಬಾಲಿಸುತ್ತ ಗೋಡೆಯವರೆಗೂ ಹೋದರು. ನೀರು ಗೋಡೆಯ ನೆತ್ತಿಯಲ್ಲಿ ಒಳಹೊಕ್ಕು ಜಂತಿಯಗುಂಟ ನಾಲ್ಕು ಮೊಳ ಹರಿದು ಬಂದಿತ್ತು. ಮಣ್ಣಿನ ಗೋಡೆ ಆಗಲೇ ನೆನೆದು ಉಬ್ಬಿತ್ತು. ಅಂದು ರಾತ್ರಿಯೇ ಮಕ್ಕಳ ಹಾಸಿಗೆಗಳನ್ನು ಬೇರೆ ಕೋಣೆಗೆ ಸಾಗಿಸಿದರು. ಮೂರನೆಯ ದಿನ ಆ ಗೋಡೆ ಒಳಮುಖವಾಗಿ ಬಿದ್ದಿತು. 2019ರ ಆಗಸ್ಟ್ ತಿಂಗಳ ಮಳೆ, ಮಹಾಪೂರಗಳಲ್ಲಿ ನಮ್ಮ ಭಾಗದ ಮಣ್ಣಿನ ಮನೆಗಳು ಕುಸಿದ ಸುದ್ದಿ ಓದುವಾಗಲೆಲ್ಲ ನನಗೆ ಆ ಗೋಡೆಯೇ ಕಣ್ಣೆದುರು ಬರುತ್ತಿತ್ತು.

ಹೆಂಚಿನ ಮನೆಯಾದರೆ ಹಗಲಿನಲ್ಲಿ ಅಟ್ಟ ಹತ್ತಿ, ಬೆಳಕು ಇಣುಕುವ ಸಂದುಗಳನ್ನು ಸುಣ್ಣದಿಂದ ಗುರುತು ಮಾಡಿರಿ. ಆರ್‌ಸಿಸಿ ಮಾಳಿಗೆಯಾದರೆ ಒದ್ದೆ ಗೋಣಿಚೀಲದ ಒಡ್ಡು ಕಟ್ಟಿ, ಒಂದೊಂದೇ ಭಾಗದಲ್ಲಿ ನೀರು ನಿಲ್ಲಿಸಿ, ಒಂದು ಹಗಲು-ರಾತ್ರಿ ಕಾಯಿರಿ. ಅವಸರ ಬೇಡ. ಪ್ಯಾರಾಪೆಟ್ ಗೋಡೆ ಕೂಡುವ ಮೂಲೆ, ಪೈಪು ತೂರಿದ ಜಾಗ, ಹರನಾಳಿಗೆಯ ಬಾಯಿ, ಇವು ಮೂರರ ಮೇಲೆ ನನ್ನ ಮೊದಲ ಅನುಮಾನ. ಒಳಗಿನಿಂದ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದನ್ನು ನಾನು ಒಪ್ಪಲಾರೆ. ನೀರು ಒಳಗೇ ಉಳಿದು ಕಬ್ಬಿಣದ ಸಳಿಗಳಿಗೆ ತುಕ್ಕು ಹಿಡಿಯುತ್ತದೆ; ತುಕ್ಕು ಹಿಗ್ಗಿ ಕಾಂಕ್ರೀಟು ಹೆಂಟೆಹೆಂಟೆಯಾಗಿ ತಲೆಯ ಮೇಲೆ ಕಳಚಿ ಬೀಳುತ್ತದೆ. ದುರಸ್ತಿ ಮೇಲಿನಿಂದಲೇ ಆಗಬೇಕು, ಅದೂ ರೋಹಿಣಿ ಮಳೆಗೆ ಮುಂಚೆ, ಛಾವಣಿ ಒಣಗಿರುವಾಗ.

ಹರನಾಳಿಗೆಯಲ್ಲಿ ಕಳೆದ ವರ್ಷದ ಬೇವಿನ ಎಲೆ, ಗಾಳಿಪಟದ ದಾರಗಳು ತುಂಬಿರುತ್ತವೆ. ಮೇಲೆ ಹತ್ತಲಾರದ ನನ್ನ ವಯಸ್ಸಿನವರು ಮೊಮ್ಮಕ್ಕಳಿಂದ ತೆಗೆಸಿರಿ. ಅವರು ಹತ್ತುವಾಗ ಕೆಳಗೆ ನಿಂತು ಏಣಿ ಹಿಡಿದುಕೊಳ್ಳಿರಿ.