ಹದಿನಾರು ಕೋರುಗಳ ಕ್ರಯ

ಪೇಟೆಯಲ್ಲಿ ಯಾವ ಪದಾರ್ಥಕ್ಕೇ ಆಗಲಿ, ‘ಸರ್ವೋತ್ತಮ’ವೆಂಬ ವಿಶೇಷಣವು ಅಂಟಿಕೊಂಡ ಕೂಡಲೆ ಅದರ ಕ್ರಯವು ಗುಣದೊಡನೆ ಹೆಜ್ಜೆಯಿಡುವುದನ್ನು ಬಿಟ್ಟು ಮುಂದಕ್ಕೆ ಓಡತೊಡಗುತ್ತದೆ. ಅಂಕೋಲೆಯ ಮಾವಿನ ಪೇಟೆಯನ್ನು ಬಲ್ಲ ವಾಚಕರಿಗೆ ಇದು ಹೊಸ ಮಾತಲ್ಲ. 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ನಮ್ಮ ಕರಿ ಇಶಾಡಿಗೂ ಅದರ ದಾಯಾದಿಯಾದ ಬಿಳಿ ಇಶಾಡಿಗೂ ಇರುವ ತಾರತಮ್ಯವನ್ನರಿಯಲು ಯಾವ ಶಾಸ್ತ್ರವೂ ಬೇಡ. ಸಿಪ್ಪೆಯ ತೆಳುವನ್ನು ಬೆರಳೂ, ತಿರುಳಿನ ಸವಿಯನ್ನು ನಾಲಗೆಯೂ ಹೇಳುತ್ತವೆ. ಗಣಕಯಂತ್ರದ ಪ್ರೊಸೆಸರನ್ನಾದರೋ ರುಚಿ ನೋಡಿ ಕೊಳ್ಳುವಂತಿಲ್ಲ. ಅಂಥದೊಂದು ವಸ್ತುವಿನ ಯೋಗ್ಯಾಯೋಗ್ಯತೆಯನ್ನು ನಿರ್ಣಯಿಸುವ ಭಾರವು, ಪಾಠಶಾಲೆಯಲ್ಲಿ ಅಮರಕೋಶವನ್ನು ಉರು ಹೊಡೆದು ಮುಂದೆ ಅದನ್ನೇ ಮಕ್ಕಳಿಗೆ ಕಲಿಸಿ ನಿವೃತ್ತನಾದ ನನ್ನ ಪಾಲಿಗೆ ಬಂದಿತು.

ಮಾಜಾಳಿಯ ಇಂಜಿನಿಯರಿಂಗ್ ಕಾಲೇಜಿಗೆ ಕಾರವಾರದ ನಮ್ಮ ಮನೆಯಿಂದಲೇ ಹೋಗಿಬರುವ ಮೊಮ್ಮಗಳಿಗೆ ಹೊಸ ಗಣಕಯಂತ್ರವೊಂದು ಬೇಕಾಯಿತು. ಬಿಡಿಭಾಗಗಳ ಪಟ್ಟಿಯನ್ನು ಅವಳೇ ಬರೆದು ತಂದಳು. ಮೊದಲ ಸಾಲಿನಲ್ಲಿಯೇ ಎಎಂಡಿ ಕಂಪನಿಯ ರೈಜನ್ 9 9950ಎಕ್ಸ್ ವಿರಾಜಮಾನವಾಗಿತ್ತು. “ಅಜ್ಜಾ, ಒಮ್ಮೆ ಇದನ್ನೇ ತಕ್ಕೊಂಡರೆ ಮುಂದೆ ಹತ್ತು ವರ್ಷ ಚಿಂತೆಯಿಲ್ಲ” ಎಂದಳು. ತಂದೆಯಿಲ್ಲದ ಹುಡುಗಿ, ಅವಳ ವಿದ್ಯೆಯ ವೆಚ್ಚವೆಲ್ಲ ನನ್ನ ಪೆನ್ಶನ್ನಿನಿಂದಲೇ ನಡೆಯತಕ್ಕದ್ದು. ಇಲ್ಲವೆನ್ನಲು ನಾಲಗೆ ಏಳದು. ಹೌದೆಂದರೆ ಕೊನೆಯ ವರುಷದ ಫೀಜಿಗೆಂದು ಕೂಡಿಟ್ಟ ಗಂಟಿಗೆ ಕೈ ಹಾಕಬೇಕು. ಆದಕಾರಣ, ಎರಡು ದಿನ ಸಮಯ ಕೇಳಿ ಕಾಗದ ಪೆನ್ಸಿಲು ಹಿಡಿದು ಕುಳಿತೆನು.

ಅದೇ ಪೀಳಿಗೆಯ ಕಿರಿಯ ಪ್ರೊಸೆಸರು ರೈಜನ್ 5 9600ಎಕ್ಸ್. ಎರಡೂ 2024ರ ಆಗಸ್ಟಿನಲ್ಲಿ ಪೇಟೆಗೆ ಬಂದವು. ಹಿರಿಯದಕ್ಕೆ 16 ಕೋರುಗಳು, ಆಗಿನ ಕ್ರಯ 649 ಡಾಲರು. ಕಿರಿಯದಕ್ಕೆ 6 ಕೋರುಗಳು, ಕ್ರಯ 279 ಡಾಲರು. ನಡುವಣ 370 ಡಾಲರೆಂದರೆ ಅಂದಿನ ವಿನಿಮಯದಲ್ಲಿ ಮೂವತ್ತು ಸಾವಿರ ರೂಪಾಯಿಗೂ ಮೀರಿದ ಮೊತ್ತ. ಇನ್ನು ವೇಗವೋ, ಹಿರಿಯದರ ಗರಿಷ್ಠ ವೇಗ 5.7 ಗಿಗಾಹರ್ಟ್ಸ್, ಕಿರಿಯದರದು 5.4. ಒಂದೇ ಕೋರು ದುಡಿಯುವ ಕೆಲಸದಲ್ಲಿ ಈ ವೇಗದಿಂದ ದೊರೆಯುವ ಲಾಭ ನೂರಕ್ಕೆ ಐದೂವರೆಯಷ್ಟು. ಕ್ರಯವಾದರೋ ಎರಡು ಪಟ್ಟಿಗೂ ಮಿಗಿಲು!

ಹಾಗಾದರೆ ಮಿಕ್ಕ ಹತ್ತು ಕೋರುಗಳು ವ್ಯರ್ಥವೇ? ಅಲ್ಲ. ಇಲ್ಲಿಯೇ ಸೂಕ್ಷ್ಮವಿರುವುದು. ಜೀನ್ ಆಮ್ಡಾಲ್ ಎಂಬ ಅಮೇರಿಕದ ಯಂತ್ರಶಿಲ್ಪಿಯು 1967ರಲ್ಲಿಯೇ ಇದರ ತತ್ತ್ವವನ್ನು ತೋರಿಸಿಕೊಟ್ಟನು. ಮದುವೆಮನೆಯಲ್ಲಿ ಕಾಯಿ ತುರಿಯಲು ಹದಿನಾರು ಜನ ಕುಳಿತರೆ ಆ ಕೆಲಸ ಕ್ಷಣದಲ್ಲಿ ಮುಗಿದೀತು. ಆದರೆ ಪಾಯಸವು ಕುದಿಯತಕ್ಕಷ್ಟು ಹೊತ್ತು ಕುದಿಯಲೇಬೇಕು, ಹದಿನಾರು ಜನ ಒಲೆಯ ಸುತ್ತ ನಿಂತರೆ ಅದು ಬೇಗ ಆಗುವುದಿಲ್ಲ. ಕೆಲಸದಲ್ಲಿ ಅರ್ಧ ಪಾಲು ಮಾತ್ರ ಹಂಚಲು ಬರುವಂಥದಾದರೆ, ಒಂದು ಕೋರಿಗಿಂತ ಆರು ಕೋರುಗಳು 1.71 ಪಟ್ಟು, ಹದಿನಾರು ಕೋರುಗಳು 1.88 ಪಟ್ಟು ಶೀಘ್ರ, ಇಷ್ಟೇ. ನೂರಕ್ಕೆ 95 ಪಾಲು ಹಂಚಲು ಬಂದರೆ ಮಾತ್ರ ಆರಕ್ಕೆ 4.8, ಹದಿನಾರಕ್ಕೆ 9.1. ಆಗ ಹಿರಿಯದು ಕಿರಿಯದರ ಇಮ್ಮಡಿಗೆ ಸಮೀಪಿಸುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆಯು ಪ್ರೊಸೆಸರಿನದಲ್ಲ, ಕೆಲಸದ್ದು.

ಅಂಕೋಲೆಯಲ್ಲಿ ನನ್ನ ಸೋದರಳಿಯನು ಮದುವೆ ಮುಂಜಿಗಳ ಚಿತ್ರೀಕರಣದ ಸ್ಟುಡಿಯೋ ನಡೆಸುತ್ತಾನೆ. ಅವನನ್ನು ವಿಚಾರಿಸಿದೆನು. ವೈಶಾಖದಲ್ಲಿ ಮೇಲಿಂದ ಮೇಲೆ ಮುಹೂರ್ತಗಳು. ತಾಸುಗಟ್ಟಲೆಯ ವೀಡಿಯೋಗಳನ್ನು ಸಂಕಲಿಸಿ, ಕಡೆಯ ರೂಪಕ್ಕೆ ತಂದು, ಒಬ್ಬರದನ್ನು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ. “ಮಾವಾ, ನನ್ನ ಯಂತ್ರ ಒಂದು ತಾಸು ಉಳಿಸಿದರೆ ಆ ತಾಸಿನಲ್ಲಿ ನಾನು ಮತ್ತೊಂದು ಕೆಲಸ ಹಿಡಿಯುತ್ತೇನೆ” ಎಂದನು. ಅವನ ಕೆಲಸ ಬಹುಮಟ್ಟಿಗೆ ಹಂಚಲು ಬರುವಂಥದು, ಉಳಿದ ಹೊತ್ತು ಹಣವಾಗಿ ತಿರುಗಿ ಬರುವಂಥದು. ಅವನು ಹದಿನಾರು ಕೋರುಗಳಿಗೆ ಹಣ ಸುರಿದರೆ ಅದನ್ನು ದುಂದೆನ್ನಲಾಗದು.

ಮೊಮ್ಮಗಳಿಗೆ ಒಂದು ವಾರದ ಅಭ್ಯಾಸವನ್ನು ಕೊಟ್ಟೆನು. ಮೇಷ್ಟರ ಚಾಳಿ ಎಲ್ಲಿಗೆ ಹೋದೀತು? ಹಳೆಯ ಲ್ಯಾಪ್‌ಟಾಪಿನಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟು, ಎಲ್ಲ ಕೋರುಗಳೂ ಪೂರ್ಣವಾಗಿ ದುಡಿಯುವ ಹೊತ್ತನ್ನು ಬರೆದಿಡೆಂದೆನು. ವಾರದ ಕೊನೆಗೆ ಅವಳ ಟಿಪ್ಪಣಿಯೇ ಸಾಕ್ಷಿ ನುಡಿಯಿತು. ಅವಳ ಪ್ರೋಗ್ರಾಮುಗಳು ಚಿಕ್ಕವು, ನಿಮಿಷದೊಳಗೆ ಮುಗಿಯುವಂಥವು. ಉಳಿದ ಕಾಲವೆಲ್ಲ ಪ್ರೊಸೆಸರೇ ಅವಳ ಬೆರಳಿಗಾಗಿ ಕಾದು ಕುಳಿತಿತ್ತು. ಯಂತ್ರವು ತಿಣುಕುತ್ತಿದ್ದುದು ಮೆಮೊರಿಯು ಎಂಟೇ ಗಿಗಾಬೈಟು ಇದ್ದುದರಿಂದ. ಕೃತಕ ಬುದ್ಧಿಮತ್ತೆಯ ಪಾಠಗಳಿಗೆ ಬೇಕಾದ ಭಾರೀ ಲೆಕ್ಕಗಳನ್ನಾದರೋ ಬಹುಶಃ ಗ್ರಾಫಿಕ್ಸ್ ಕಾರ್ಡೇ ಹೊರುತ್ತದೆಂದು ಅವಳೇ ಒಪ್ಪಿದಳು.

“ಎಂದಾದರೊಮ್ಮೆ ದೊಡ್ಡ ಕೆಲಸ ಬಂದರೆ?” ಎಂದು ಕೇಳಿದಳು. ಅದಕ್ಕೆ ನಮ್ಮವರು ಸೂಚೀಕಟಾಹ ನ್ಯಾಯವೆಂಬುದನ್ನು ಹೇಳಿಟ್ಟಿದ್ದಾರೆ. ಸೂಜಿಯನ್ನೂ ಕಡಾಯಿಯನ್ನೂ ಮಾಡಿಕೊಡಬೇಕಾದ ಕಮ್ಮಾರನು ಮೊದಲು ಸೂಜಿಯನ್ನು ಮುಗಿಸುತ್ತಾನೆ. ಹಗಲೆಲ್ಲ ಸೂಜಿಗಳು ಆಗಲಿ. ಅಪರೂಪದ ಕಡಾಯಿಯನ್ನು ರಾತ್ರಿ ಒಲೆಗೇರಿಸಿ ಮಲಗಿದರೆ ಬೆಳಿಗ್ಗೆ ಸಿದ್ಧವಾಗಿರುತ್ತದೆ ಎಂದೆನು. ನಕ್ಕಳು, ಆದರೆ ಪೂರ್ಣವಾಗಿ ಒಪ್ಪಲಿಲ್ಲ.

ಅವಳನ್ನು ಒಪ್ಪಿಸಿದ್ದು ನ್ಯಾಯವಲ್ಲ, ಸಾಕೆಟ್ಟು. ಎರಡು ಪ್ರೊಸೆಸರುಗಳೂ ಕೂಡುವುದು 2022ರಲ್ಲಿ ಬಂದ ಎಎಂ5 ಎಂಬ ಒಂದೇ ಸಾಕೆಟ್ಟಿನಲ್ಲಿ. ಅದನ್ನು 2027ರ ವರೆಗೂ ಅದರಾಚೆಗೂ ನಡೆಸುವುದಾಗಿ ಕಂಪನಿಯು ಸಾರಿದೆ. ಇಂದು ಕಿರಿಯದನ್ನು ಕೂರಿಸಿ, ನಿಜವಾಗಿ ಅವಶ್ಯವಾದಾಗ ಅದೇ ಮದರ್‌ಬೋರ್ಡಿನಲ್ಲಿ ಹಿರಿಯದನ್ನು ಕೂರಿಸಬಹುದು. ಮೇಲಾಗಿ ಹಿರಿಯದಕ್ಕೆ ನಿಗದಿಯಾದ ಶಾಖದ ಪ್ರಮಾಣ 170 ವ್ಯಾಟು, ಕಿರಿಯದಕ್ಕೆ 65. ಏಪ್ರಿಲಿನ ಕಾರವಾರದಲ್ಲಿ ಒಂದು ಕೋಣೆಯೊಳಗೆ ಆ ಹೆಚ್ಚಿನ ಶಾಖವನ್ನು ಬರಮಾಡಿಕೊಳ್ಳುವುದು, ಮಳೆಗಾಲದಲ್ಲಿ ತಂತಿ ಹರಿದು ವಿದ್ಯುತ್ತು ಹೋದಾಗ ಅದಕ್ಕಾಗಿ ದೊಡ್ಡ ಯುಪಿಎಸ್ಸನ್ನು ಸಾಕುವುದು, ಇವೆರಡೂ ಅಂಗಡಿಯವನ ಚೀಟಿಯಲ್ಲಿ ಕಾಣಿಸದ ಕ್ರಯಗಳು.

ಕಿರಿಯ ಪ್ರೊಸೆಸರು, 32 ಗಿಗಾಬೈಟು ಮೆಮೊರಿ ಎಂದು ನಿಶ್ಚಯವಾಯಿತು. ಉಳಿದ ಹಣ ಅವಳ ಹೆಸರಿನಲ್ಲಿ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹೋಯಿತು. ಪಟ್ಟಿಯನ್ನು ತಿದ್ದುವಾಗ ಅವಳು ಮೊದಲ ಸಾಲನ್ನು ಅಳಿಸಲಿಲ್ಲ. ಮೇಲೊಂದು ಗೀಟೆಳೆದು, ಪಕ್ಕದಲ್ಲಿ ‘ಏಳನೆಯ ಸೆಮಿಸ್ಟರಿನಲ್ಲಿ ಅಜ್ಜನನ್ನು ಪುನಃ ಕೇಳತಕ್ಕದ್ದು’ ಎಂದು ಬರೆದು ನನ್ನ ಸಹಿಯನ್ನು ಮಾಡಿಸಿಕೊಂಡಳು.