ನರ್ಗಿಸ್‌ನ ಎಲೆಗಳು

ನರ್ಗಿಸ್ ನನ್ನ ನಾನಿಯ ಹೆಸರು. ಆ ಹೂವನ್ನು ಅವರು ಒಮ್ಮೆಯೂ ಕಂಡವರಲ್ಲ. ಅವರು ಅಲ್ಲಾಹನೆಡೆಗೆ ಮರಳಿದ ವರ್ಷ ಕಾಶ್ಮೀರದಿಂದ ಐದು ಗೆಡ್ಡೆಗಳನ್ನು ತರಿಸಿ, ಬೆಂಗಳೂರಿನ ನಮ್ಮ ಅಂಗಳದ ಕುಂಡದಲ್ಲಿ ನೆಟ್ಟೆ.

ಡ್ಯಾಫೊಡಿಲ್‌ನ ಕಾಡುಜಾತಿಗಳನ್ನು ಗುರುತಿಸಲು ದಂಟನ್ನು ನೋಡಬೇಕು. ಇಂಗ್ಲೆಂಡಿನ ಕಾಡುಜಾತಿಯಲ್ಲಿ ದಂಟಿಗೆ ಒಂದೇ ಹೂವು. ನಡುವಿನ ಹಳದಿ ಕೊಳವೆ ಎಸಳಿನಷ್ಟೇ ಉದ್ದ. ಪೊಯೆಟಿಕಸ್‌ನಲ್ಲೂ ಒಂದೇ ಹೂವು, ಆದರೆ ಪುಟ್ಟ ಬಟ್ಟಲಿಗೆ ಕೆಂಪು ಅಂಚು. ನಾವು ನರ್ಗಿಸ್ ಎನ್ನುವ ಟಝೆಟ್ಟಾ ಒಂದೇ ದಂಟಿನಲ್ಲಿ ಗೊಂಚಲಾಗಿ ಅರಳುತ್ತದೆ: ಬಿಳಿ ಎಸಳು, ಹಳದಿ ಬಟ್ಟಲು, ಗಾಢ ಪರಿಮಳ.

ಮೊದಲ ಚಳಿಗಾಲದಲ್ಲಿ ಅದು ಅರಳಿತು. ಈದ್‌ಗೆ ಅಂಗಳ ಚೊಕ್ಕಟವಾಗಿರಲೆಂದು, ಹೂವು ಬಾಡಿದ್ದ ಗಿಡದ ಹಸಿರೆಲೆಗಳನ್ನೆಲ್ಲ ಕತ್ತರಿಸಿದೆ. ಮರುವರ್ಷ ಹೂವು ಬರಲಿಲ್ಲ. ಮುಂದಿನ ಹೂವಿಗೆ ಬೇಕಾದ ಆಹಾರವನ್ನು ಆ ಎಲೆಗಳೇ ಗೆಡ್ಡೆಯಲ್ಲಿ ಕೂಡಿಡುತ್ತವೆ. ಅವುಗಳ ಕೆಲಸ ಮುಗಿಯಿತೆಂದು ನಾನು ತೀರ್ಮಾನಿಸಿದ್ದೆ. ನಾನಿಯ ಕೊನೆಯ ವರ್ಷಗಳಲ್ಲೂ ಹಾಗೆಯೇ ಭಾವಿಸಿದ್ದೆ. ಫಜ್ರ್ ನಮಾಝಿನ ಬಳಿಕ ಅವರು ನಮ್ಮೆಲ್ಲರ ಹೆಸರು ಹಿಡಿದು ಮಾಡುತ್ತಿದ್ದ ದುಆವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈ ಸಲ ಎಲೆಗಳು ತಾವಾಗಿ ಹಳದಿಯಾಗಿ ಒರಗುವವರೆಗೂ ಮುಟ್ಟಲಿಲ್ಲ. ಈಗ ಕುಂಡ ಒಣಗಿದೆ; ಬೇಸಿಗೆಯಲ್ಲಿ ಗೆಡ್ಡೆಗೆ ನೀರು ಬೇಡ. ಮಗಳು ದಿನವೂ ಬಂದು ಬರಿಮಣ್ಣನ್ನು ನೋಡಿ ಹೋಗುತ್ತಾಳೆ. ಗೆಡ್ಡೆ ಈರುಳ್ಳಿಯಂತೆ ಕಂಡರೂ ವಿಷವೆಂದು ಅವಳಿಗೆ ಹೇಳಿದ್ದೇನೆ. ಚಳಿಗಾಲ ಬರಲಿ, ಇನ್ಶಾ ಅಲ್ಲಾಹ್.